ಕಾವ್ಯಶ್ರೀ ತಾನೇ ಓದಿದ ಪಾಠ

ಕತ್ತಲಗೆರೆಯ ಕಾವ್ಯಶ್ರೀಗೆ ಎಳವೆಯಲ್ಲೇ ಕಣ್ಣು ಹೋಗಿತ್ತು. ಬಿ.ಎ. ಮುಗಿಸಿದ ಮೇಲೆ ಚನ್ನಗಿರಿಯಲ್ಲಿ ಒಂದು ಕೋಣೆ ಹಿಡಿದು, ಕಣ್ಣು ಕಾಣದ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಧ್ವನಿಮುದ್ರಿಸಿ ಕಳಿಸುವ ಕೆಲಸ ಹಚ್ಚಿಕೊಂಡಳು. ನಿವೃತ್ತ ಮೇಷ್ಟ್ರು ಜಯದೇವಪ್ಪ ಪಾಠ ಓದುತ್ತಿದ್ದರು. ಅವರ ಕೆಮ್ಮು, ತಡವರಿಕೆಗಳನ್ನು ಕತ್ತರಿಸಿ ಹೊಂದಿಸುವುದು ಅವಳ ಪಾಲು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಅವಳ ಲ್ಯಾಪ್‌ಟಾಪಿನಲ್ಲಿತ್ತು.

ಆ ಲ್ಯಾಪ್‌ಟಾಪ್ ಅವಳ ಕಾಲೇಜು ದಿನಗಳದು. ಚಾಲೂ ಮಾಡಿ, ಚಹಾ ಕಾಯಿಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಪಾಠ ಉಳಿಸುವಾಗಲೇ ನಿಂತುಬಿಟ್ಟಿತು. ಒಳಗೆ ಹಾರ್ಡ್‌ಡಿಸ್ಕ್ ಟಕಟಕ ಎನ್ನುತ್ತಿತ್ತು.

ಹೊಸದು ತಗೋ ಎಂದರು ಮೇಷ್ಟ್ರು. ಆದರೆ ಆ ಕೀಲಿಮಣೆ ಅವಳ ಬೆರಳುಗಳಿಗೆ ಕಂಠಪಾಠವಾಗಿತ್ತು. ಅವಳು ಬಸ್‌ಸ್ಟ್ಯಾಂಡ್ ಬಳಿಯ ಸತೀಶ್ ಕುಮಾರನ ರಿಪೇರಿ ಅಂಗಡಿಗೆ ಹೋದಳು. ಅವನು ಬಿಚ್ಚಿ ನೋಡಿ, ಡಿಸ್ಕ್ ಸಾಯುತ್ತಿದೆ, ಉಳಿದದ್ದು ಗಟ್ಟಿಯಾಗಿದೆ, ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡ್ರೈವ್ ಹಾಕಿದರೆ ಸಾಕು ಎಂದ. ಅದರಲ್ಲಿ ತಿರುಗುವ ಭಾಗವೇ ಇಲ್ಲವಂತೆ. ತೋರಿಸಲು ಎರಡು ಬಗೆಯವನ್ನು ಅವಳ ಕೈಗಿಟ್ಟ: ಒಂದು ಬೆರಳುದ್ದದ ಪಟ್ಟಿ, ಇನ್ನೊಂದು ಅಂಗೈಯಗಲದ ತೆಳು ಡಬ್ಬಿ.

"ಈ ಪಟ್ಟಿ ಬಾಳ ಸ್ಪೀಡು. ಆದ್ರೆ ನಿಮ್ಮ ಮಷೀನಲ್ಲಿ ಅದನ್ನ ಕೂರ್ಸಾಕೆ ಜಾಗ ಇಲ್ಲ," ಎಂದ.

"ಡಬ್ಬಿ ಹಾಕಿದ್ರೆ ಫರಕು ಗೊತ್ತಾಗ್ತೈತಾ?"

"ಗೊತ್ತಾಗ್ತೈತ್ರೀ. ಹಳೇದಕ್ಕೆ ಹೋಲ್ಸಂಗೇ ಇಲ್ಲ."

ಮುಗಿದ ಪಾಠಗಳನ್ನು ಹೊರಗಿನ ಡ್ರೈವಿನಲ್ಲಿಟ್ಟರೆ ಕಡಿಮೆ ಸಂಗ್ರಹದ ಡಬ್ಬಿಯೇ ಸಾಕು ಎಂದ. ತಿದ್ದುವಾಗ ಕಡತಗಳು ಉಬ್ಬುತ್ತವೆಂದು ಅವಳು ಒಂದು ಅಳತೆ ದೊಡ್ಡದನ್ನೇ ಆರಿಸಿದಳು, ಅದೂ ಹೆಚ್ಚು ವರ್ಷ ವಾರಂಟಿ ಇದ್ದದ್ದನ್ನು.

ಹಳೆಯ ಡಿಸ್ಕಿನಿಂದ ಬಹುಪಾಲು ಈಚೆ ಬಂತು. ಇತಿಹಾಸದ ಕೆಲವು ಪಾಠಗಳು ಬರಲಿಲ್ಲ. ಅಷ್ಟರಲ್ಲಿ ಮೇಷ್ಟ್ರಿಗೆ ದಾವಣಗೆರೆಯಲ್ಲಿ ಕಣ್ಣಿನ ಪೊರೆ ತೆಗೆದಿದ್ದರು, ಕೆಲವು ವಾರ ಓದಬಾರದೆಂದು ಡಾಕ್ಟರ್ ಹೇಳಿದ್ದರು. ಬಿಳಿಚೋಡಿನ ಪೂಜಾ ಎಂಬ ಹುಡುಗಿ ಪರೀಕ್ಷೆ ಹತ್ತಿರ ಬಂತೆಂದು ಅವೇ ಪಾಠಗಳನ್ನು ಕೇಳಿ ಫೋನ್ ಮಾಡಿದಳು.

ಹೊಸ ಡ್ರೈವ್ ಸದ್ದೇ ಮಾಡುತ್ತಿರಲಿಲ್ಲ. ಮೊದಲ ದಿನ ಚಾಲೂ ಆಗಿಲ್ಲವೆಂದು ಕಾವ್ಯಶ್ರೀ ಮತ್ತೆ ಗುಂಡಿಯೊತ್ತಿ ತಾನೇ ಆರಿಸಿಬಿಟ್ಟಳು. ಆಮೇಲೆ ರೂಢಿಯಾಯಿತು. ಕೀಲಿ ಒತ್ತಿದೊಡನೆ ಅಕ್ಷರ ಕೇಳುತ್ತಿತ್ತು, ವಾಕ್ಯಗಳು ತಡೆಯಿಲ್ಲದೆ ಹರಿಯುತ್ತಿದ್ದವು. ಆಗ ಅವಳಿಗೆ ಒಂದು ಯೋಚನೆ ಬಂತು. ಕಳೆದುಹೋದ ಇತಿಹಾಸದ ಪಾಠವೊಂದರ ಪಠ್ಯವನ್ನು ಪರದೆಯಲ್ಲಿ ತೆರೆದಳು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಂತ್ರ ಹೇಳಿದ ವಾಕ್ಯವನ್ನು ಹಿಂದೆಯೇ ಮೈಕಿಗೆ ತನ್ನ ದನಿಯಲ್ಲಿ ಹೇಳುತ್ತ ಹೋದಳು. ಹಳೆಯ ಡಿಸ್ಕ್ ಇದ್ದಾಗ ಯಂತ್ರ ಮಾತುಮಾತಿಗೂ ತೊದಲುತ್ತಿದ್ದುದರಿಂದ ಇದು ಆಗುತ್ತಿರಲಿಲ್ಲ. ಮೊದಮೊದಲು ಎರಡು ದನಿಗಳು ಕಲಸಿಹೋದವು. ಸಂಜೆಯ ಹೊತ್ತಿಗೆ ಒಂದು ಪಾಠ ಪೂರ್ತಿಯಾಯಿತು.

ಅದನ್ನು ಮೊದಲು ಮೇಷ್ಟ್ರಿಗೆ ಕಳಿಸಿ, ಉತ್ತರ ಬರುವವರೆಗೆ ಬೇರೆ ಕೆಲಸ ಮುಟ್ಟಲಿಲ್ಲ. ಅವರು ಕೇಳಿ ಫೋನ್ ಮಾಡಿದರು.

"ಅಲ್ಪವಿರಾಮ ನುಂಗ್ತೀಯಮ್ಮ. ಉಳಿದದ್ದು ಚೆನ್ನಾಗೈತೆ. ಮುಂದಿನ ಪುಸ್ತಕ ಇಬ್ರೂ ಹಂಚ್ಕಂಡು ಓದಾಣ."

ಅವಳು ಅದನ್ನು ಅಳಿಸಿ, ಇನ್ನೊಮ್ಮೆ ನಿಧಾನವಾಗಿ ಓದಿ, ಕಳೆದುಹೋದ ಉಳಿದ ಪಾಠಗಳನ್ನೂ ಹಾಗೆಯೇ ಮುಗಿಸಿ ಪೂಜಾಳಿಗೆ ಕಳಿಸಿದಳು. ಈಗ ಸಮಾಜ ವಿಜ್ಞಾನ ಅವಳದು, ಕನ್ನಡ ಪದ್ಯಗಳು ಮೇಷ್ಟ್ರದು. ರಾಗವಾಗಿ ಓದುವುದು ತನ್ನಿಂದಾಗದು ಎನ್ನುತ್ತಾಳೆ.