ಶುಕೂರಾಕನ ಎರಡು ಗಂಟೆ

ಸವಣೂರು ಪೇಟೆಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಶುಕೂರಾಕನಷ್ಟು ವಿಮಾನವನ್ನು ನಂಬದವನು ಹತ್ತೂರಲ್ಲಿಲ್ಲ. ಟಿಕೆಟ್ ಕೈಗಿಡುವಾಗಲೇ, "ಅವಲಕ್ಕಿ ಕಟ್ಟಿಕೊಳ್ಳಿ ಮಾರಾಯ್ರೆ, ತಾಂತ್ರಿಕ ದೋಷ ಅಂತ ಇಳಿಸಿದ್ರೆ ಹಸಿವೆಗೆ ಎಂತ ಮಾಡುದು?" ಎನ್ನುತ್ತಿದ್ದ. ಗಲ್ಫಿನ ಮದುಮಗನನ್ನು ನಿಖಾಕ್ಕೆ ವಾರ ಮೊದಲೇ ಕರೆಸುತ್ತಿದ್ದ. "ಎರಡು ಗಂಟೆ ತಡ ಅಂದ್ರೆ ನಾಳೆ ಅಂತ ಅರ್ಥ" ಎಂಬುದು ಅವನ ಗಾದೆ. ಅದು ಸುಳ್ಳಾದದ್ದನ್ನು ಕಂಡವರಿರಲಿಲ್ಲ. ಹಾಗಾಗಿ ಊರಲ್ಲಿ ಯಾರಾದರೂ ತೀರಿಕೊಂಡರೆ, ಗಲ್ಫಿನ ಮಗನಿಗಾಗಿ ದಫನ ತಡೆಯಬೇಕೋ ಬೇಡವೋ ಎಂದು ಕೇಳುವುದೂ ಅವನನ್ನೇ. ಹೋದ ವರ್ಷ ಅವನ ತಾಯಿ ಜೈನಬಮ್ಮ ಬೆಳಗಿನ ಜಾವ ತೀರಿಕೊಂಡಾಗ, ಅವನ ತಮ್ಮ ಸುಹೈಬ್ ದುಬೈಯಲ್ಲಿ ವಿಮಾನ ಹತ್ತಿ ಕೂತು ಅಣ್ಣನಿಗೆ ಫೋನ್ ಮಾಡಿದ: "ಎಂತದೋ ದೋಷ ಉಂಟಂತೆ ಕಾಕ, ಎರಡು ಗಂಟೆ ತಡ ಅಂತೆ. ಉಮ್ಮನ ಮುಖ ನೋಡ್ಬೇಕು, ಕಾಯಿರಿ." ಮಸೀದಿಯವರೆಲ್ಲ ಶುಕೂರಾಕನ ಮುಖ ನೋಡಿದರು. "ಕಾಯುದು ಬೇಡ," ಅಂದ. ಮಧ್ಯಾಹ್ನದ ನಮಾಜಿಗೆ ಜೈನಬಮ್ಮನನ್ನು ಎತ್ತಿ ದಫನ ಮುಗಿಸಿದರು. ಆ ದಿನ ಮಾತ್ರ ವಿಮಾನ ಸರಿಯಾಗಿ ಎರಡೇ ಗಂಟೆ ತಡವಾಗಿ ಹೊರಟಿತ್ತು. ಗೋರಿಯ ಮಣ್ಣಿನ ಹಸಿ ಆರುವ ಮೊದಲೇ ಸುಹೈಬ್ ಬಂದು ನಿಂತ. ಈಗ ದಫನ ತಡೆಯಬೇಕೋ ಎಂದು ಯಾರು ಬಂದು ಕೇಳಿದರೂ ಶುಕೂರಾಕ ಗಾದೆ ಹೇಳುವುದಿಲ್ಲ. ಅಂಗಡಿಯ ಶಟರ್ ಎಳೆದು, "ಕಾಯುವ" ಎಂದಷ್ಟೇ ಹೇಳಿ, ಮಗ ಬರುವ ತನಕ ಅವರ ಅಂಗಳದಲ್ಲಿ ತಾನೂ ಕೂರುತ್ತಾನೆ.