ಬೇಲಿಯೊಳಗಿದ್ದ ಆ ನಾಯಿ ಯಾರದ್ದು?

ಇಂಥದ್ದನ್ನು ಬೇರೆ ಯಾರಾದರೂ ಹೇಳಿದರೆ ನಾನು ಮೊದಲು ಅವರ ಬಾಯಿಯ ವಾಸನೆ ನೋಡುತ್ತಿದ್ದೆ, ಕುಡಿದಿದ್ದಾರಾ ಅಂತ. ಶಾಲೆಗೆ ಹೆಚ್ಚು ಹೋದವನಲ್ಲ, ಆದರೆ ಕಣ್ಣಿಗೆ ಕಂಡದ್ದನ್ನೂ ಎರಡು ಸಲ ನೋಡಿಯೇ ಒಪ್ಪುವ ಜನ ನಾನು. ಹಾಗಾಗಿ ನೀವು ಈಗ ನನ್ನನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನ ಪುಳ್ಳಿ ಚೈತ್ರ, ಮಗಳ ಮಗಳು, ಎರಡು ವರ್ಷ ಕಳೆದರೂ ನಡೆಯುತ್ತಿರಲಿಲ್ಲ. ಕೂರುತ್ತಿದ್ದಳು, ಮನೆಯೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ನಿಲ್ಲಿಸಿದರೆ ಮಾತ್ರ ಕಾಲು ಮಡಚಿ ಕುಸಿಯುತ್ತಿದ್ದಳು. ಡಾಕ್ಟರು ಸ್ವಲ್ಪ ಕಾಯುವ ಎಂದರು. ನನ್ನ ಹೆಂಡತಿ ಗಿರಿಜ ಪೊಳಲಿ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡಳು. ಮಗಳು ಮದುವೆ, ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಎಲ್ಲಿ ಹೋದರೂ ಜನ ಮೊದಲು ಕೇಳುವುದು "ಇನ್ನೂ ನಡೆಯುವುದಿಲ್ವಾ?" ಎಂದೇ.

ಅದು ತೊಂಬತ್ತರ ದಶಕದ ಕೊನೆ. ಪುತ್ತಿಗೆಯ ನಮ್ಮ ಗುಡ್ಡದ ಬದಿಯಲ್ಲಿ ಚಿರತೆಯ ಉಪದ್ರ ಇತ್ತು. ನಾಯಿಗಳನ್ನು ರಾತ್ರಿ ಬಿಡುವ ಹಾಗಿಲ್ಲ, ಹಗಲು ಬಿಟ್ಟರೆ ನೆರೆಮನೆಯ ಕೋಳಿ ಹಿಡಿಯುತ್ತವೆ. ಕಟ್ಟಿ ಹಾಕಿ ಹಾಕಿ ಅವಕ್ಕೆ ಮರ್ಲು ಹಿಡಿದ ಹಾಗೆ ಆಗಿತ್ತು. ಮೀಸಲು ಕಾಡಿನ ಅಂಚಿನಲ್ಲಿ ಹಿಂದೆ ಗಿಡ ಬೆಳೆಸುತ್ತಿದ್ದ ಒಂದು ಜಾಗ ಪಾಳು ಬಿದ್ದಿತ್ತು. ಸುತ್ತಲಿನ ಆಳೆತ್ತರದ ತಂತಿಬಲೆ ಮಾತ್ರ ಗಟ್ಟಿ ಇತ್ತು. ಸಂಜೆ ನಾವೆಲ್ಲ ನಮ್ಮ ನಮ್ಮ ನಾಯಿಗಳನ್ನು ಅಲ್ಲಿಗೆ ಕೊಂಡುಹೋಗಿ ಸರಪಳಿ ಕಳಚಿ ಬಿಡುತ್ತಿದ್ದೆವು. ಗೇಟಿನ ಕೊಂಡಿ ತುಂಡಾಗಿದ್ದ ಕಾರಣ ಒಬ್ಬರು ಹೊರಗೆ ನಿಂತು ಗೇಟು ಎಳೆದು ಹಿಡಿಯಬೇಕು. ಅದಕ್ಕೆ ಸರದಿ.

ಆ ಸಂಜೆ ಸರದಿ ನನ್ನದು. ಒಳಗೆ ಗಿರಿಜ ಬೈರಾಸು ಹಾಸಿ ಪುಳ್ಳಿಯನ್ನು ಕೂರಿಸಿದ್ದಳು. ನೆರೆಯ ಲೋಕಯ್ಯನೂ ಜೋಕಿಂ ಪೊರ್ಬುಗಳೂ (ಕ್ರಿಶ್ಚಿಯನ್ನರನ್ನು ನಮ್ಮಲ್ಲಿ ಮರ್ಯಾದೆಗೆ ಹಾಗೆ ಕರೆಯುವುದು) ತಮ್ಮ ನಾಯಿಗಳನ್ನು ಬಿಟ್ಟು ಎಲೆಯಡಿಕೆ ತಿನ್ನುತ್ತ ಕೂತಿದ್ದರು. ಓಟ, ಬೊಗಳಾಟ ಜೋರಿತ್ತು. ಒಮ್ಮೆಲೇ ಎಲ್ಲ ನಿಂತಿತು. ನಾಯಿಗಳು ಇದ್ದಲ್ಲೇ ಕೂತುಬಿಟ್ಟವು.

ಪುಳ್ಳಿಯ ಪಕ್ಕದಲ್ಲಿ ಒಂದು ಕಪ್ಪು ನಾಯಿ, ಒಂದು ಕಿವಿ ಮಡಚಿದ್ದು, ನಿಂತಿತ್ತು. ಪೊರ್ಬುಗಳು ಹೊಸತು ತಂದದ್ದಿರಬೇಕು ಅಂದುಕೊಂಡೆ. ಮಗು ಅದರ ಬೆನ್ನಿಗೆ ಕೈಯೂರಿ ಎದ್ದಿತು. ನಾಯಿ ಒಂದು ಹೆಜ್ಜೆ ಇಟ್ಟಿತು. ಮಗುವೂ ಇಟ್ಟಿತು! ಹಾಗೇ ಪುಳ್ಳಿ ಮೆಲ್ಲ ಮೆಲ್ಲ ಗೇಟಿನ ತನಕ ಬಂದು, ತಂತಿಬಲೆ ಹಿಡಿದು, ನನ್ನ ಮುಖ ನೋಡಿ ನಕ್ಕಳು. ನನಗೆ ನಗುವೂ ಬಂತು, ಅಳುವೂ ಬಂತು. ಗೇಟು ಬಿಟ್ಟು ಕುಣಿಯಲಿಲ್ಲ ಅನ್ನುವುದೇ ದೊಡ್ಡದು.

ಕಣ್ಣು ಒರಸಿ ನೋಡುವಾಗ ನಾಯಿ ಇಲ್ಲ.

"ಪೊರ್ಬುಗಳೇ, ನಿಮ್ಮ ಕಪ್ಪು ನಾಯಿಗೆ ನಾಳೆ ನನ್ನ ಲೆಕ್ಕದಲ್ಲಿ ಕೋಳಿ!" ಎಂದೆ.

"ನಮ್ಮದು ಎಲ್ಲಿ ಮಾರಾಯ್ರೆ? ಮಗು ಹಿಡಿದುಕೊಂಡದ್ದು ಬಿಳಿ ನಾಯಿ. ಲೋಕಯ್ಯನದ್ದಲ್ವಾ?"

ಲೋಕಯ್ಯ ಎಲೆ ಉಗಿದು, "ಬಿಳಿಯಾ? ಕಪ್ಪಾ? ಇಬ್ಬರೂ ಒಟ್ಟಿಗೆ ಹೋಗಿ ಕಣ್ಣಿನ ಆಪರೇಶನ್ ಮಾಡಿಸಿ. ಅದು ಕೆಂಪು ನಾಯಿ. ಅಣ್ಣ ನೀವೇ ಹೊಸತು ತಂದದ್ದು ಅಂತ ನಾನು ಸುಮ್ಮನಿದ್ದೆ" ಎಂದ.

ಗಿರಿಜಳನ್ನು ಕೇಳಿದರೆ, "ನಾಯಿಯ ಬಣ್ಣ ಯಾರಿಗೆ ಬೇಕು? ನಾನು ಮಗುವಿನ ಕಾಲು ನೋಡುತ್ತಿದ್ದೆ" ಎಂದಳು.

ನನ್ನ ಸಂಶಯ ಅಲ್ಲಿಂದ ಶುರುವಾಯಿತು. ಪೊರ್ಬುಗಳೂ ಲೋಕಯ್ಯನೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಅಂತಲೇ ಗ್ರಹಿಸಿದೆ. ಬೇಲಿಗೆ ಸುತ್ತು ಬಂದೆ. ಮುಂಗುಸಿ ನುಗ್ಗುವಷ್ಟು ಎಡೆಯೂ ಇಲ್ಲ. ಗೇಟು ನನ್ನ ಕೈಯಲ್ಲೇ ಇತ್ತು. ಪೊರ್ಬುಗಳನ್ನು ಒಬ್ಬರೇ ಸಿಕ್ಕಿದಾಗ ಕೇಳಿದೆ, ಬಿಳಿ ಎಂದರು. ಲೋಕಯ್ಯನಿಗೆ ಗಡಂಗಿನಲ್ಲಿ ಕುಡಿಸಿ ಕೇಳಿದೆ. ಕುಡಿದರೂ ಕೆಂಪೇ! ಮೂಡುಬಿದಿರೆ ಪೇಟೆಯಲ್ಲಿ ಕಿವಿ ಮಡಚಿದ ನಾಯಿ ಕಂಡರೆ ಯಾರದ್ದೆಂದು ವಿಚಾರಿಸುತ್ತಿದ್ದೆ. ಜನ ನನ್ನನ್ನೇ ಸಂಶಯದಿಂದ ನೋಡಿದರು.

ಮನೆಯಲ್ಲಂತೂ ಹಬ್ಬ. ಗಿರಿಜ ಹರಕೆ ತೀರಿಸಿದಳು. ಮಗಳು ಪುಳ್ಳಿಯನ್ನು ನಡೆಸಿಕೊಂಡೇ ಪಾಣೆಮಂಗಳೂರಿನ ಮದುವೆಗೆ ಹೋದಳು. ನಾಯಿಗೆ ಕೊಡಬೇಕೆಂದಿದ್ದ ಕೋಳಿ ಮಾತ್ರ ಬಾಕಿ ಉಳಿಯಿತು.

ಪುಳ್ಳಿಗೆ ಮಾತು ಚೆನ್ನಾಗಿ ಬಂದ ಮೇಲೆ ಒಮ್ಮೆ ಆ ಬೇಲಿಯ ಬದಿಯಲ್ಲಿ ಹೋಗುತ್ತಿದ್ದೆವು. ನಿಂತು ಕೈ ತೋರಿಸಿದಳು.

"ಅಜ್ಜ, ಇಲ್ಲಿ ಅಲ್ವಾ ನೀನು ನನ್ನನ್ನು ನಡೆಸಿದ್ದು?"

"ನಾನಲ್ಲ ಮಗಾ, ನಾಯಿ."

"ಯಾವ ನಾಯಿ? ನೀನೇ! ಬಗ್ಗಿ ಬಗ್ಗಿ ನಡೆಯುತ್ತಿದ್ದೆ. ನಾನು ನಿನ್ನ ಬೆನ್ನು ಹಿಡಿದುಕೊಂಡಿದ್ದೆ."

ಆ ಸಂಜೆ ನಾನು ಬೇಲಿಯ ಹೊರಗಿದ್ದೆ. ಗೇಟಿನ ಕಂಬಿ ಅಂಗೈಗೆ ಒತ್ತಿ ಕೆಂಪಾದಲ್ಲಿಗೆ ಆ ರಾತ್ರಿ ಗಿರಿಜಳೇ ಎಣ್ಣೆ ಹಚ್ಚಿದ್ದಳು. ಪುಳ್ಳಿ ಬಿಡಲಿಲ್ಲ, "ನೀನೇ ಅಲ್ವಾ ಅಜ್ಜ?" ಎಂದು ಕೈ ಜಗ್ಗಿದಳು.

ಹೌದು, ನಾನೇ ಎಂದೆ. ಮಗುವಿಗೆ ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.