ಬಸ್ಸಿಗೆ ಕೊಟ್ಟ ಕುಕ್ಕರ್

ಕೋಣಂದೂರಿನಿಂದ ತೀರ್ಥಹಳ್ಳಿಗೆ ಏನು ಕಳಿಸುವುದಿದ್ದರೂ ನಾವು ಬಸ್ಸಿಗೆ ಕೊಡುತ್ತೇವೆ. ಕಂಡಕ್ಟರಿಗೆ ಒಂದು ಮಾತು ಹೇಳಿದರಾಯಿತು, ಹೆಸರು ಗಿಸರು ಬರೆಯುವ ರಗಳೆಯಿಲ್ಲ. ನನ್ನ ಕುಕ್ಕರೂ ಹಾಗೇ ರಿಪೇರಿಗೆ ಹೋಗಿ ಬರುತ್ತಿತ್ತು. ತೀರ್ಥಹಳ್ಳಿಯಲ್ಲಿ ಸ್ಟವ್, ಕುಕ್ಕರ್ ರಿಪೇರಿ ಮಾಡುವ ಸಾಯ್ಬರು ಅದನ್ನು ಸರಿಮಾಡಿ, ಹಳೆಯ ಟವಲಿನಲ್ಲಿ ಗಂಟು ಕಟ್ಟಿ, ಡ್ರೈವರ್ ಸೀಟಿನ ಹಿಂದೆ ಇಟ್ಟು ಹೋಗುತ್ತಿದ್ದರು.

ಆ ವಾರ ದೂರದ ಪೇಟೆಯೊಂದರಲ್ಲಿ ಬಾಂಬ್ ಸಿಡಿದಿತ್ತು. ಕುಕ್ಕರಿನಲ್ಲಿ ಇಟ್ಟಿದ್ದರಂತೆ. ಟೀವಿ ನೋಡಿ ನಾನೂ ನಡುಗಿದ್ದೆ. ಆದರೆ ಆ ಕುಕ್ಕರಿಗೂ ನನ್ನದಕ್ಕೂ ಗಂಟು ಹಾಕುವ ಬುದ್ಧಿ ನನಗೆಲ್ಲಿಂದ ಬರಬೇಕು! ನನ್ನ ಕುಕ್ಕರ್ ರಿಪೇರಿಯಾಗಿ ವಾಪಸ್ ಹೊರಟ ದಿನ ಬಸ್ಸಿಗೆ ಹೊಸ ಕಂಡಕ್ಟರ್. ಟವಲಿನ ಗಂಟು ಯಾರದೆಂದು ಕೇಳಿದರೆ ಒಬ್ಬರೂ ಉಸಿರೆತ್ತಲಿಲ್ಲ. ಒಳಗಿರುವುದು ಕುಕ್ಕರ್ ಎಂದು ಗೊತ್ತಾದದ್ದೇ ಜನ ಎದ್ದುಬಿದ್ದು ಇಳಿದರು. ಇಟ್ಟವರು ಸಾಯ್ಬರೆಂದು ಯಾರೋ ಹೇಳಿದ್ದೇ ತಡ, ಪೊಲೀಸರು ಅವರನ್ನು ಅಂಗಡಿಯಿಂದಲೇ ಕರೆದೊಯ್ದರು.

ಹಳೆಯ ಕಂಡಕ್ಟರ್ ಫೋನ್ ಮಾಡಿದ. "ಅಕ್ಕಾ, ನಿಮ್ ಕುಕ್ಕರ್ ಸ್ಟೇಷನ್ನಿಗೆ ಹೋಯ್ತು ಮಾರಾಯ್ರೆ! ಸಾಯ್ಬ್ರೂ ಅಲ್ಲೇ ಇದಾರಂತೆ."

ಸಿಟ್ಟು ನೆತ್ತಿಗೇರಿತು. ಸಿಕ್ಕಿದ ಬಸ್ಸು ಹತ್ತಿ ಹೋದೆ. ಕುಕ್ಕರ್ ಮೇಜಿನ ಮೇಲಿತ್ತು, ಮುಚ್ಚಳ ತೆಗೆದು, ಖಾಲಿ. ಪಕ್ಕದಲ್ಲಿ ಸಾಯ್ಬರ ಮೊಬೈಲು. ಅವರು ಗೋಡೆಗೆ ಒರಗಿ ನಿಂತಿದ್ದರು. ನನಗೆ ಮಾತ್ರ ಕುರ್ಚಿ ಕೊಟ್ಟರು.

"ಕುಕ್ಕರ್ ನಂದು, ವಿಚಾರಣೆ ಅವರದ್ದಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತೀರಾ?" ಎಂದೆ.

ಇನ್ಸ್‌ಪೆಕ್ಟರ್ ಸಿಟ್ಟು ಮಾಡಲಿಲ್ಲ. "ನಾವು ಸುಮ್ನಿದ್ದು ನಾಳೆ ಏನಾದ್ರೂ ಆದ್ರೆ ನೀವೇ ಬೈತೀರಲ್ವಾ ಮೇಡಮ್?"

ಬೈಯುತ್ತಿದ್ದೆ, ಸುಳ್ಳೇಕೆ? ಆದರೆ ಖಾಲಿ ಕುಕ್ಕರ್ ನೋಡಿದ ಮೇಲೂ ಮನುಷ್ಯನನ್ನು ನಿಲ್ಲಿಸಿಕೊಳ್ಳುವುದು ಯಾಕೆ? ಎರಡೂ ಸರಿ ಅನ್ನಿಸಿ ತಲೆ ಗಿರ್ರೆಂದಿತು. ಸಂಜೆ ಅವರನ್ನು ಬಿಟ್ಟರು. ನನ್ನ ಕುಕ್ಕರ್ ಕೊಟ್ಟರು, ಅವರ ಮೊಬೈಲು ಕೊಡಲಿಲ್ಲ.

ಮುಂದಿನ ಸಲ ಕುಕ್ಕರ್ ಕೆಟ್ಟಾಗ ನಾನೇ ಹೊತ್ತುಕೊಂಡು ಹೋದೆ. ರಿಪೇರಿ ಮುಗಿಸಿದ ಸಾಯ್ಬರು ಅದನ್ನು ಅಂಗಡಿಯ ಹೊರಗೆ, ರಸ್ತೆಗೆ ಕಾಣುವಂತೆ ತಂದು, ಬಾಯಿ ನನ್ನ ಕಡೆಗೆ ವಾಲಿಸಿದರು.

"ನೋಡ್ಕಳಿ ಅಮ್ಮಾ, ಏನೂ ಇಲ್ಲ."

"ಎಂತದಿದು ಸಾಯ್ಬ್ರೇ, ನನಗೂ ತೋರಿಸ್ಬೇಕಾ?"

"ಎಲ್ರಿಗೂ ತೋರಿಸ್ತೀನಿ ಈಗ."

ಇನ್ನೂ ಬೈಯಬೇಕೆಂದಿದ್ದೆ. ಅಷ್ಟರಲ್ಲಿ ನಾನು ಬಗ್ಗಿ ಒಳಗೆ ನೋಡಿಯಾಗಿತ್ತು. ಯಾಕೆ ಬಗ್ಗಿದೆನೋ, ಇವತ್ತಿಗೂ ತಿಳಿಯುತ್ತಿಲ್ಲ. ಸಾಯ್ಬರು ಮುಚ್ಚಳ ಹಾಕಿಕೊಟ್ಟರು.